ಹನ್ನೊಂದು ತಿಂಗಳ ಗಡ್ಡ

ಭಾವನ ಎಡಗಿವಿಯ ಕೆಳಗಿನ ಗಂಟು ಮೊದಲು ಸಿಕ್ಕಿದ್ದು ನನ್ನ ಬೆರಳಿಗೆ. ಅವರ ಹೆಂಡತಿಗಲ್ಲ, ಅಂದರೆ ನನ್ನ ಅಕ್ಕನಿಗಲ್ಲ; ಯಾವ ಡಾಕ್ಟರಿಗೂ ಅಲ್ಲ. ನಾನು ಕ್ಷೌರದ ಅಂಗಡಿ ಇಟ್ಟುಕೊಂಡವನು. ಎರಡು ಕುರ್ಚಿ, ಎರಡು ಕನ್ನಡಿ, ಬಾಗಿಲ ಬಳಿ ಕಾಯುವವರಿಗೊಂದು ಬೆಂಚು. ಭಾನುವಾರ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲೇ ಭಾವ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುವುದು ವಾಡಿಕೆ. ಇಪ್ಪತ್ತೆರಡು ವರ್ಷದಿಂದ ಅವರ ಮುಖಕ್ಕೆ ಬೇರೆಯವರ ಕತ್ತಿ ಸೋಕಿರಲಿಲ್ಲ.

ಅಪ್ಪ ಹೋದಾಗ ನನಗೆ ಹದಿನಾರು. ಶಾಲೆ ತಲೆಗೆ ಹತ್ತಿರಲಿಲ್ಲ. ಅಕ್ಕನ ಗಂಡನೇ ನನ್ನನ್ನು ಒಬ್ಬ ಮುದುಕ ಕ್ಷೌರಿಕನ ಬಳಿ ಕರೆದುಕೊಂಡು ಹೋಗಿ ಕೆಲಸಕ್ಕೆ ಹಚ್ಚಿದವರು. ನಾನು ಮೊದಲ ಸಲ ಕತ್ತಿ ಹಿಡಿದಾಗ, ಮುಖ ಕೊಡಲು ಯಾರೂ ಮುಂದೆ ಬರಲಿಲ್ಲ. ಭಾವ ಕೂತರು. ಮೂರು ಕಡೆ ರಕ್ತ ಬಂತು. ಮೂರು ಚೂರು ಹತ್ತಿ ಅಂಟಿಸಿಕೊಂಡು ಕೆಲಸಕ್ಕೆ ಹೋದ ಅವರನ್ನು ಯಾರೋ ಕೇಳಿದರಂತೆ, ಬೆಕ್ಕಿನ ಜೊತೆ ಜಗಳವಾಡಿದಿರಾ ಎಂದು. "ಇಲ್ಲ, ಭಾಮೈದನ ಜೊತೆ ರಾಜಿಯಾದೆ" ಅಂದರಂತೆ. ಅಂಥ ಮನುಷ್ಯ.

ಅವರದು ಗಾಜು ಊದುವ ಕೆಲಸ. ಪ್ರಯೋಗಾಲಯಗಳಿಗೆ ಬೇಕಾದ ಸುರುಳಿ ಕೊಳವೆ, ಉದ್ದ ಕತ್ತಿನ ಶೀಷೆ ಇಂಥವನ್ನು ಮಾಡುವ ಸಣ್ಣ ಕಾರ್ಖಾನೆ. ಬೆಂಕಿಯ ನಾಲಿಗೆಯ ಮುಂದೆ ಕೂತು, ಗಾಜಿನ ಕೊಳವೆಯನ್ನು ತಿರುಗಿಸುತ್ತ, ಬೇಕಾದಷ್ಟೇ ಉಸಿರು ಬಿಡಬೇಕು. ವರ್ಷಗಟ್ಟಲೆ ಊದಿದವರ ಕೆನ್ನೆಗೆ ಒಮ್ಮೊಮ್ಮೆ ಗಾಳಿ ಸೇರಿ ಕಿವಿಯ ಹತ್ತಿರ ಉಬ್ಬುವುದುಂಟು. ಅದಕ್ಕೆ ಅವರು 'ಊದುಗೆನ್ನೆ' ಎನ್ನುತ್ತಿದ್ದರು. ಭಾವನಿಗೂ ಎರಡು ಸಲ ಆಗಿತ್ತು. ಆ ಉಬ್ಬು ಮೆತ್ತಗಿರುತ್ತದೆ, ಒತ್ತಿದರೆ ಒಳಗೆ ಚರಚರ ಎನ್ನುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ. ನನ್ನ ಬೆರಳಿಗೆ ಅದು ಗೊತ್ತಿತ್ತು.

ಆ ಭಾನುವಾರ ಸಿಕ್ಕಿದ್ದು ಅದಲ್ಲ. ನೊರೆ ಹಚ್ಚುವಾಗ ದವಡೆಯ ಮೂಲೆಯಲ್ಲಿ ಏನೋ ತಡೆಯಿತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಕಲ್ಲಿನಂತೆ ಗಟ್ಟಿ. ಬೆರಳಿನಿಂದ ಸರಿಸಿ ನೋಡಿದೆ. ಅಲುಗಲಿಲ್ಲ.

"ಭಾವ, ಇಲ್ಲೇನೋ ಇದೆ."

"ಊದುಗೆನ್ನೆ ಕಣೋ."

"ಅಲ್ಲ. ಇದು ಗಟ್ಟಿ ಇದೆ. ತೋರಿಸ್ಕೊಂಡು ಬನ್ನಿ."

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನೊರೆಯ ಮಧ್ಯೆ ಬರೀ ಕಣ್ಣು ಕಾಣುತ್ತಿತ್ತು. ಅವರಿಗೂ ಗೊತ್ತಿತ್ತು ಎಂದು ಆ ಕಣ್ಣಿನಲ್ಲೇ ನನಗೆ ತಿಳಿಯಿತು.

"ಒಂದು ತಿಂಗಳಿಂದ ಇದೆ" ಅಂದರು. "ತೋರಿಸ್ತೀನಿ. ಆದ್ರೆ ಈಗ ಬೇಡ. ದೊಡ್ಡ ಆರ್ಡರು ಬಂದಿದೆ, ನನ್ನ ಬಿಟ್ರೆ ಆ ಸುರುಳಿ ಮಾಡೋರಿಲ್ಲ. ಎರಡು ತಿಂಗಳು. ನಿಮ್ಮಕ್ಕನಿಗೆ ಹೇಳಿದ್ರೆ ನಾಳೆನೇ ನನ್ನ ಕೊರಳಪಟ್ಟಿ ಹಿಡ್ಕೊಂಡು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ. ನೀನು ಬಾಯಿ ಬಿಡಬೇಡ."

ನಾನು "ಆಯ್ತು" ಅಂದೆ.

ಅಷ್ಟು ಬೇಗ ಯಾಕೆ ಒಪ್ಪಿಕೊಂಡೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಮಾತು ಮೀರುವ ಅಭ್ಯಾಸ ನನಗಿರಲಿಲ್ಲ, ಅದು ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ. ಅಕ್ಕನಿಗೂ ಹೇಳದ ಗುಟ್ಟನ್ನು ಆ ಮನುಷ್ಯ ನನಗೆ ಹೇಳಿದರಲ್ಲ, ಅದು ನನಗೆ ಒಳಗೊಳಗೇ ಹಿತವಾಗಿತ್ತು.

ಎರಡು ತಿಂಗಳು ಕಳೆಯಿತು. ಆರ್ಡರು ಮುಗಿಯಿತು, ಇನ್ನೊಂದು ಬಂತು. ಗಂಟು ಕಡಲೆಯಿಂದ ನೆಲ್ಲಿಕಾಯಿಯಾಯಿತು. ಪ್ರತಿ ಭಾನುವಾರ ನಾನು "ಯಾವಾಗ ಹೋಗ್ತೀರಿ?" ಅನ್ನುತ್ತಿದ್ದೆ, ಅವರು "ಮುಂದಿನ ವಾರ" ಅನ್ನುತ್ತಿದ್ದರು. ಕೊನೆಗೆ ಅದು ನಮ್ಮಿಬ್ಬರ ನಡುವೆ ನಮಸ್ಕಾರ, ಪ್ರತಿನಮಸ್ಕಾರದ ಹಾಗಾಯಿತು. ಒಂದು ದಿನ ಅವರು ಅಂದರು, "ಇದು ಕಾಣೋಕೆ ಶುರುವಾಗಿದೆ. ಗಡ್ಡ ಬಿಡ್ತೀನಿ. ಚೆನ್ನಾಗಿ ಕೂರಿಸು ನೋಡೋಣ."

ಕೂರಿಸಿದೆ. ನನ್ನ ಕಸುಬಿನಲ್ಲಿ ಅಷ್ಟು ಚೆನ್ನಾಗಿ ನಾನು ಇನ್ನೊಂದು ಗಡ್ಡ ಮಾಡಿಲ್ಲ. ಬಲಗಡೆ ತೆಳ್ಳಗೆ, ಎಡಗಡೆ ದಟ್ಟಗೆ. ಆದರೆ ನೋಡಿದವರಿಗೆ ಎರಡೂ ಸಮ ಎನ್ನಿಸಬೇಕು. ಕಿವಿಯಿಂದ ದವಡೆಗೆ ಇಳಿಯುವ ಜಾಗದಲ್ಲಿ ಕತ್ತರಿಯನ್ನು ಎಷ್ಟು ಎತ್ತರದಲ್ಲಿ ಹಿಡಿದರೆ ಉಬ್ಬು ಕೂದಲಿನೊಳಗೆ ಕರಗುತ್ತದೆ ಎಂದು ಲೆಕ್ಕ ಹಾಕಿ ಕತ್ತರಿಸಿದೆ. ಅಕ್ಕ ನೋಡಿ, "ಐವತ್ತೆರಡನೇ ವಯಸ್ಸಿಗೆ ಮದುವೆ ಗಂಡಾದ್ರಲ್ಲ" ಎಂದು ನಕ್ಕಳು. ನಾನೊಂದು ಫೋಟೊ ತೆಗೆದು, ದೊಡ್ಡದು ಮಾಡಿಸಿ ಅಂಗಡಿಯ ಗಾಜಿಗೆ ಅಂಟಿಸಿದೆ. ಜನ ಬಂದು ಅದನ್ನು ತೋರಿಸಿ "ನನಗೂ ಇಂಥದ್ದೇ ಮಾಡಿ" ಎನ್ನುತ್ತಿದ್ದರು. ಮಾಡಿಕೊಟ್ಟೆ.

ಹನ್ನೊಂದನೇ ತಿಂಗಳಲ್ಲಿ ಭಾವನ ಮುಖ ಅವರ ಮಾತು ಕೇಳುವುದನ್ನು ಬಿಟ್ಟಿತು. ಟೀ ಕುಡಿಯುವಾಗ ತುಟಿಯ ಎಡಮೂಲೆಯಿಂದ ಸೋರಿತು. ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚಲಿಲ್ಲ. ಕಾರ್ಖಾನೆಯಲ್ಲಿ ಕೊಳವೆ ಬಾಯಿಗಿಟ್ಟರೆ ಗಾಳಿ ಪಕ್ಕದಿಂದ ತಪ್ಪಿಸಿಕೊಂಡು, ಗಾಜಿನ ಬುಗ್ಗೆ ಸೊಟ್ಟಗಾಯಿತಂತೆ. ಮನೆಗೆ ಬಂದು ಹೆಂಡತಿಯ ಮುಂದೆ ಕೂತರು. ಗಡ್ಡಕ್ಕೆ ಅಷ್ಟನ್ನು ಮುಚ್ಚುವ ಶಕ್ತಿ ಇರಲಿಲ್ಲ. ಮಾರನೆಯ ದಿನವೇ ಅಕ್ಕ ಅವರನ್ನು ಆಸ್ಪತ್ರೆಗೆ ಕರೆದೊಯ್ದಳು. ನನ್ನನ್ನೂ ಕರೆದಳು. "ನೀನಿದ್ರೆ ನನಗೆ ಧೈರ್ಯ" ಅಂದಳು.

ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ಕ್ಯಾನ್ ಮಾಡಿದರು. ಹತ್ತು ದಿನದ ನಂತರ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡರು. ಕಿವಿಯ ಮುಂದೆ ಜೊಲ್ಲು ಮಾಡುವ ಗ್ರಂಥಿಯೊಂದಿದೆ, ಅದರ ನಾಳದಲ್ಲಿ ಹುಟ್ಟಿದ ಕ್ಯಾನ್ಸರ್ ಇದು ಎಂದರು. ಅಪರೂಪದ್ದು. ಮುಖದ ನರವನ್ನು ಹಿಡಿದಿದೆ, ಕತ್ತಿನ ಗಂಟುಗಳಿಗೆ ಇಳಿದಿದೆ, ಶ್ವಾಸಕೋಶದಲ್ಲಿ ಐದು ಚುಕ್ಕೆ ಕಾಣುತ್ತಿವೆ.

"ಗಂಟು ಯಾವಾಗಿಂದ ಇದೆ?" ಎಂದು ಕೇಳಿದರು.

"ಒಂದೆರಡು ತಿಂಗಳಿಂದ" ಎಂದರು ಭಾವ.

ಡಾಕ್ಟರಮ್ಮ ಬರೆದುಕೊಂಡರು. ಅಕ್ಕ ತಲೆಯಾಡಿಸಿದಳು. ನಾನು ನನ್ನ ಚಪ್ಪಲಿ ನೋಡುತ್ತ ಕೂತಿದ್ದೆ. ಬಾಯಿ ತೆರೆದಿದ್ದರೆ ಅಲ್ಲೇ ಮುಗಿಯುತ್ತಿತ್ತು. ತೆರೆಯಲಿಲ್ಲ.

"ಕೊಯ್ದು ತೆಗೆದುಬಿಡಿ" ಎಂದಳು ಅಕ್ಕ.

"ಬರೀ ಅದರಿಂದ ಆಗೋಲ್ಲಮ್ಮ. ಇದು ಆಗಲೇ ಬೇರೆ ಕಡೆ ಹೋಗಿದೆ" ಎಂದರು ಡಾಕ್ಟರಮ್ಮ. "ಒಂದೇ ಔಷಧಿ ನಂಬಿಕೊಂಡು ಕೂರೋ ಹಾಗಿಲ್ಲ. ಎರಡು ಮೂರು ಸೇರಿಸಿ ಮಾಡ್ಬೇಕು. ಮೊದಲು ಮುಖಕ್ಕೆ, ಕತ್ತಿಗೆ ರೇಡಿಯೇಷನ್. ನೋವು ಇಳಿಯುತ್ತೆ, ಗಂಟು ಚರ್ಮ ಒಡೆದು ಹೊರಗೆ ಬರದ ಹಾಗೆ ತಡೀಬಹುದು. ಆಮೇಲೆ ಕೀಮೋ. ಇನ್ನೊಂದು ಇದೆ. ಇವರ ಗಂಟಿನ ಕೋಶಗಳ ಮೇಲೆ ಒಂದು ಗುರುತು ಸಿಕ್ಕಿದೆ. ಅದು ಹೆಚ್ಚಾಗಿ ಸ್ತನ ಕ್ಯಾನ್ಸರ್‌ನಲ್ಲಿ ಕಾಣೋ ಗುರುತು. ಆ ಗುರುತನ್ನೇ ಹುಡುಕಿ ಹಿಡಿಯೋ ಔಷಧಿ ಇದೆ. ಅದನ್ನ ರೇಡಿಯೇಷನ್ ಜೊತೆಗೇ ಶುರು ಮಾಡಿ, ಕೀಮೋ ಜೊತೆಗೂ ಕೊಡ್ತೀವಿ."

ಭಾವ ಅರ್ಧ ಬಾಯಿಯಲ್ಲಿ ಅಂದರು: "ಅಂದ್ರೆ ಹೆಂಗಸರ ಔಷಧಿ ನನಗೆ. ಕಾಯಿಲೆಗೂ ನನ್ನ ಗಡ್ಡ ಕಾಣಿಸ್ಲಿಲ್ಲ ಅನ್ಸುತ್ತೆ."

ಡಾಕ್ಟರಮ್ಮ ನಕ್ಕರು. ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರಿತ್ತು. ಗಡ್ಡ ಎಂಬ ಮಾತಿಗೆ ನಾನು ಮಾತ್ರ ಮತ್ತೆ ಚಪ್ಪಲಿ ನೋಡಿದೆ.

"ಗುಣ ಆಗುತ್ತಾ?" ಎಂದು ಅಕ್ಕ ಕೇಳಿದಳು.

"ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡೋಲ್ಲ. ಇಂಥ ಕಾಯಿಲೆ ಬಂದವರು ಕಡಿಮೆ, ಅದಕ್ಕೇ ನಮಗೆ ಗೊತ್ತಿರೋದೂ ಕಡಿಮೆ. ಕೆಲವರಿಗೆ ಚೆನ್ನಾಗಿ ಕುಗ್ಗಿದೆ. ಪ್ರಯತ್ನ ಮಾಡೋಣ."

ರೇಡಿಯೇಷನ್‌ಗೆ ಮುಖದ ಅಚ್ಚು ಬೇಕು. ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತುತ್ತಾರೆ. ಅದು ಗಟ್ಟಿಯಾದ ಮೇಲೆ, ದಿನವೂ ಅದನ್ನೇ ತೊಡಿಸಿ ತಲೆ ಅಲುಗದಂತೆ ಮೇಜಿಗೆ ಬಿಗಿಯುತ್ತಾರೆ. ಕೂದಲಿದ್ದರೆ ಅಚ್ಚು ಸರಿ ಕೂರುವುದಿಲ್ಲ. "ನಾಳೆ ಬರೋವಾಗ ಗಡ್ಡ ಪೂರ್ತಿ ತೆಗೆಸ್ಕೊಂಡು ಬನ್ನಿ" ಎಂದು ನರ್ಸು ಹೇಳಿದಳು.

"ಅದಕ್ಕೇನು, ಮನೆಯಲ್ಲೇ ಇದ್ದಾನಲ್ಲ" ಎಂದಳು ಅಕ್ಕ, ನನ್ನ ಹೆಗಲ ಮೇಲೆ ಕೈಯಿಟ್ಟು.

ಆ ಸಂಜೆ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಭಾವನನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ. ಅಕ್ಕ ಬಿಸಿನೀರಿನ ಬೋಗುಣಿ ಹಿಡಿದು ಪಕ್ಕದಲ್ಲಿ ನಿಂತಳು. ಬೇಡ, ನೀನು ಹೋಗು ಎಂದರೂ ಕೇಳಲಿಲ್ಲ. ಮೊದಲು ಬಲಗಡೆ ತೆಗೆದೆ. ಆದಷ್ಟು ನಿಧಾನ ಮಾಡಿದೆ. ಆಮೇಲೆ ಎಡಗಡೆ ಕತ್ತರಿ ಇಡಲೇಬೇಕಾಯಿತು. ಕೂದಲು ಉದುರಿದ ಹಾಗೆ ಗಂಟು ಹೊರಬಂತು. ಕಿವಿಯ ಹಾಲೆಯನ್ನು ಮೇಲಕ್ಕೆ ತಳ್ಳಿ, ಚರ್ಮವನ್ನು ಬಿಗಿಹಿಡಿದು, ಕೆಂಪಾಗಿ ಕೂತಿತ್ತು. ಅಕ್ಕ ಅದನ್ನು ಬರಿಗಣ್ಣಿನಲ್ಲಿ ನೋಡಿದ್ದು ಅದೇ ಮೊದಲು.

ಅವಳು ಬಗ್ಗಿ ಹತ್ತಿರದಿಂದ ನೋಡಿದಳು. ಆಮೇಲೆ, "ಇದು ಎರಡು ತಿಂಗಳಲ್ಲಿ ಆಗಿದ್ದಲ್ಲ" ಅಂದಳು. "ಪ್ರತಿ ವಾರ ಇವರ ಮುಖಕ್ಕೆ ಕೈ ಹಾಕ್ತೀಯ. ನಿನ್ನ ಕೈಗೆ ಸಿಗಲಿಲ್ವಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಗಡ್ಡ ದಟ್ಟವಾಗಿತ್ತಲ್ಲ ಅಕ್ಕ, ತಿಳೀಲಿಲ್ಲ ಎಂದಿದ್ದರೆ ನಂಬುತ್ತಿದ್ದಳು. ಅವಳು ನನ್ನನ್ನು ನಂಬುವವಳು.

"ಸಿಕ್ಕಿತ್ತು" ಅಂದೆ.

"ಯಾವಾಗ?"

"ಹನ್ನೊಂದು ತಿಂಗಳ ಹಿಂದೆ."

"ನಾನೇ ಹೇಳ್ಬೇಡ ಅಂದಿದ್ದೆ ಕಣೇ" ಎಂದರು ಭಾವ. "ಅವನದೇನೂ..."

"ನಿಮಗೆ ಆಮೇಲೆ ಹೇಳ್ತೀನಿ" ಎಂದಳು ಅಕ್ಕ, ಅವರ ಕಡೆ ತಿರುಗದೆ. "ಗಡ್ಡ ಯಾಕೆ ಬಿಟ್ಟಿದ್ದು?"

"ಇದು ಕಾಣದೇ ಇರ್ಲಿ ಅಂತ" ಅಂದೆ. "ಕಾಣದ ಹಾಗೆ ಕತ್ತರಿಸಿದ್ದು ನಾನೇ."

ಬೋಗುಣಿಯ ನೀರು ತುಳುಕಿತು. ಅವಳು ಅದನ್ನು ಒಲೆಯ ಪಕ್ಕ ಇಟ್ಟಳು. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಮುಗಿಸು" ಅಂದಳು. "ಅರ್ಧ ಮುಖ ಬಿಟ್ಟು ಹೋಗ್ಬೇಡ. ನಾಳೆ ಅಚ್ಚು ತೆಗೀಬೇಕು."

ಮುಗಿಸಿದೆ. ಹೊರಡುವಾಗ ಬಾಗಿಲ ಬಳಿ ಬಂದು, "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬಾ. ಬಂದು ಡಾಕ್ಟರಮ್ಮನಿಗೆ ನಿಜವಾದ ತಾರೀಕು ಹೇಳು. ಆಮೇಲೆ ನಮ್ಮ ಮನೆಗೆ ಬರ್ಬೇಡ" ಅಂದಳು.

ಮಾರನೆಯ ದಿನ ಹೇಳಿದೆ. ಡಾಕ್ಟರಮ್ಮ ಹಳೆಯದನ್ನು ಹೊಡೆದು ಹಾಕಿ ಹೊಸದು ಬರೆದರು. ಅಕ್ಕ, ಭಾವ ಅಚ್ಚಿನ ಕೋಣೆಗೆ ಹೋದ ಮೇಲೆ ನಾನು ಒಬ್ಬನೇ ಅವರ ಮುಂದೆ ಉಳಿದೆ.

"ಆಗಲೇ ಬಂದಿದ್ರೆ ಏನಾಗ್ತಿತ್ತು?" ಎಂದು ಕೇಳಿದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ವ್ಯತ್ಯಾಸ ಆಗ್ತಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆಗ ಕೊಯ್ದು ತೆಗೆಯೋ ಹಾಗಿತ್ತೇನೋ. ಮುಖದ ನರ ಉಳೀತಿತ್ತೇನೋ. ಆದ್ರೆ ಈ ಕಾಯಿಲೆ ಬೇಗ ಓಡೋದು, ಗಂಟು ಕಡಲೆಯಷ್ಟಿದ್ದಾಗಲೇ ಶ್ವಾಸಕೋಶಕ್ಕೆ ಹೋಗಿದ್ದರೂ ಇರಬಹುದು. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗೋಲ್ಲ."

ತಪ್ಪು ನಿನ್ನದೇ ಎಂದಿದ್ದರೆ ಅದನ್ನು ಹೊತ್ತುಕೊಂಡು ಹೋಗಬಹುದಿತ್ತು. ಅಲ್ಲ ಎಂದಿದ್ದರೆ ಇಳಿಸಬಹುದಿತ್ತು. ಅಂಗಡಿಗೆ ಬಂದು ಮೊದಲು ಗಾಜಿನ ಮೇಲಿನ ಫೋಟೊ ಕಿತ್ತೆ. ಅಂಟು ಬಿಡದೆ ಅರ್ಧ ದವಡೆ ಗಾಜಿನ ಮೇಲೇ ಉಳಿಯಿತು. ಬ್ಲೇಡಿನಿಂದ ಕೆರೆದು ತೆಗೆದೆ.

ಆರು ವಾರ ರೇಡಿಯೇಷನ್ ನಡೆಯಿತು. ಶನಿವಾರ, ಭಾನುವಾರ ಬಿಟ್ಟು ದಿನವೂ. ನಾನು ಬೆಳಿಗ್ಗೆ ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ನಿಂತು ಅವರಿಬ್ಬರೂ ಇಳಿಯುವುದನ್ನು ನೋಡಿ ಅಂಗಡಿಗೆ ಹೋಗುತ್ತಿದ್ದೆ. ಅಕ್ಕ ನನ್ನನ್ನು ನೋಡಿಯೂ ನೋಡದವಳಂತೆ ದಾಟುತ್ತಿದ್ದಳು. ಭಾವ ಕೈಯೆತ್ತುತ್ತಿದ್ದರು. ಮೂರನೆಯ ವಾರಕ್ಕೆ ಕತ್ತಿನ ಚರ್ಮ ಸುಟ್ಟಂತೆ ಕಪ್ಪಾಯಿತು. ಬಾಯಲ್ಲೆಲ್ಲ ಹುಣ್ಣು. ಜೊಲ್ಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತಂತೆ. ಹಾಲಿನಲ್ಲಿ ಬ್ರೆಡ್ಡು ನೆನೆಸಿ ಕೊಟ್ಟರೂ ಮರಳು ನುಂಗಿದ ಹಾಗೆ ಎನ್ನುತ್ತಿದ್ದರಂತೆ. ಇದನ್ನೆಲ್ಲ ನಾನು ಫೋನಿನಲ್ಲಿ ಭಾವನಿಂದಲೇ ಕೇಳಿದ್ದು. ಅಕ್ಕ ಸ್ನಾನಕ್ಕೆ ಹೋದಾಗ ಅವರು ಫೋನು ಮಾಡುತ್ತಿದ್ದರು.

ಒಂದು ದಿನ ನಾನು ಅಳುತ್ತ, "ಎಲ್ಲಾ ನನ್ನಿಂದ ಭಾವ" ಅಂದೆ.

ಅವರಿಗೆ ಮಾತಾಡುವುದೇ ಕಷ್ಟವಾಗಿತ್ತು. ಆದರೂ ಒಂದೊಂದೇ ಮಾತು ಜೋಡಿಸಿ ಹೇಳಿದರು. "ನೋಡು, ನಾನು ಹೆದರಿದ್ದೆ. ಆರ್ಡರು ಗೀರ್ಡರು ಎಲ್ಲ ನೆಪ. ನಮ್ಮಪ್ಪ ಆಸ್ಪತ್ರೆಗೆ ಹೋದವರು ವಾಪಸ್ ಬರ್ಲಿಲ್ಲ. ಆ ಹೆದರಿಕೆ ನನ್ನದು. ನಿನ್ನ ಪಾಲಿನ ತಪ್ಪು ನೀನು ಹೊತ್ಕೋ, ಬೇಡ ಅನ್ನೋಲ್ಲ. ನನ್ನ ಪಾಲಿಗೂ ಕೈ ಹಾಕ್ಬೇಡ."

ನನ್ನ ಪಾಲು ಎಷ್ಟು ಎಂದು ಅಳೆಯುವ ತಕ್ಕಡಿ ನನ್ನಲ್ಲಿರಲಿಲ್ಲ.

ರೇಡಿಯೇಷನ್ ಮುಗಿದು ಬಾಯಿಯ ಹುಣ್ಣು ಆರಿದ ಮೇಲೆ ಕೀಮೋ ಶುರುವಾಯಿತು. ಮೂರು ವಾರಕ್ಕೊಮ್ಮೆ, ಗುರುವಾರ. ಒಂದೇ ಕೈಯ ನರಕ್ಕೆ ಮೊದಲು ಆ ಗುರುತು ಹಿಡಿಯುವ ಔಷಧಿ, ಅದರ ಹಿಂದೆಯೇ ಕೀಮೋ. ಹೃದಯಕ್ಕೆ ಪೆಟ್ಟು ಬೀಳದಿರಲೆಂದು ನಡುನಡುವೆ ಅದರ ಪರೀಕ್ಷೆ. ಎರಡನೆಯ ಸಲ ಆದ ಎಂಟನೆಯ ದಿನ, ಮಧ್ಯಾಹ್ನ, ನಾನು ಒಬ್ಬ ಗಿರಾಕಿಯ ತಲೆ ಅರ್ಧ ಮಾಡಿದ್ದೆ. ಅಕ್ಕನ ಫೋನು ಬಂತು. ಮೂರು ತಿಂಗಳಲ್ಲಿ ಮೊದಲ ಸಲ.

"ಜ್ವರ ಬಂದಿದೆ. ಮೈ ನಡುಗ್ತಿದೆ. ತಕ್ಷಣ ಕರ್ಕೊಂಡು ಬನ್ನಿ ಅಂತಿದಾರೆ. ಮೆಟ್ಟಿಲು ಇಳಿಸೋಕೆ ನನ್ನ ಒಬ್ಬಳ ಕೈಲಿ ಆಗ್ತಿಲ್ಲ."

ಗಿರಾಕಿ ದಿನಸಿ ಅಂಗಡಿಯವರು. "ಹೋಗಪ್ಪ, ಟೋಪಿ ಹಾಕ್ಕೋತೀನಿ" ಅಂದರು.

ಮೂರು ಮಹಡಿ. ಭಾವನನ್ನು ಬೆನ್ನ ಮೇಲೆ ಹೊತ್ತು ಇಳಿಸಿದೆ. ಗಾಜಿನ ಸಾಮಾನು ತುಂಬಿದ ಪೆಟ್ಟಿಗೆಗಳನ್ನು ಒಬ್ಬರೇ ಎತ್ತುತ್ತಿದ್ದ ಮನುಷ್ಯ ಒಗೆದ ಬಟ್ಟೆಯ ಗಂಟಿನಷ್ಟು ಹಗುರವಾಗಿದ್ದರು. ಅವರ ಬೋಳು ತಲೆ ನನ್ನ ಕತ್ತಿಗೆ ತಾಗಿ ಸುಡುತ್ತಿತ್ತು. "ಬೀಳಿಸ್ಬೇಡ ಮಾರಾಯ, ಒಡೆದ್ರೆ ಬೆಸುಗೆ ಹಾಕೋಕೆ ನಾನೇ ಇಲ್ಲ ಈಗ" ಎಂದು ಗೊಣಗಿದರು. ಹಿಂದೆ ಚೀಲ ಹಿಡಿದು ಬರುತ್ತಿದ್ದ ಅಕ್ಕ, "ಸುಮ್ನಿರ್ರೀ" ಅಂದಳು.

ರಕ್ತದಲ್ಲಿ ಬಿಳಿ ಕಣಗಳು ತೀರಾ ಇಳಿದು ಸೋಂಕು ತಗುಲಿತ್ತು. ಐದು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ನಾನು, ಅಕ್ಕ ಹೊರಗಿನ ಬೆಂಚಿನ ಎರಡು ತುದಿಯಲ್ಲಿ ಕೂತೆವು. ಮೂರನೆಯ ದಿನ ಜ್ವರ ಬಿಟ್ಟಿತು ಎಂದು ನರ್ಸು ಬಂದು ಹೇಳಿದಳು. ಅಕ್ಕ ಮುಖ ಮುಚ್ಚಿಕೊಂಡು ಅತ್ತಳು. ನಾನು ಹತ್ತಿರ ಸರಿಯಲೋ ಬೇಡವೋ ಎಂದು ಅರ್ಧ ಎದ್ದು ಹಾಗೇ ನಿಂತೆ. ಅವಳು ಕಣ್ಣೊರೆಸಿಕೊಂಡು ನೋಡಿ, "ಕೂತ್ಕೋ, ಕಾಲು ನೋಯುತ್ತೆ" ಅಂದಳು. ಅಷ್ಟೇ.

ಆಮೇಲಿನ ಕೀಮೋಗೆ ಔಷಧಿಯ ಪ್ರಮಾಣ ಸ್ವಲ್ಪ ಇಳಿಸಿದರು. ನಾಲ್ಕು ಸಲ ಆದ ಮೇಲೆ ಸ್ಕ್ಯಾನ್. ಅಂದು ಭಾವ ಫೋನು ಮಾಡಿ ನನ್ನನ್ನೂ ಕರೆಸಿದ್ದರು. ಡಾಕ್ಟರಮ್ಮ ಪರದೆಯ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಕಿವಿಯ ಕೆಳಗಿನ ಗಂಟು ಮೂರರಲ್ಲಿ ಒಂದು ಪಾಲು ಉಳಿದಿತ್ತು. ಶ್ವಾಸಕೋಶದ ಐದು ಚುಕ್ಕೆಗಳಲ್ಲಿ ಮೂರು ಕಾಣಲಿಲ್ಲ, ಎರಡು ಚಿಕ್ಕದಾಗಿದ್ದವು.

"ಇಷ್ಟು ಚೆನ್ನಾಗಿ ಒಗ್ಗುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ" ಎಂದರು. "ಇನ್ನೆರಡು ಸಲ ಆದ್ಮೇಲೆ ಕೀಮೋ ನಿಲ್ಲಿಸೋಣ. ಆ ಇನ್ನೊಂದು ಔಷಧಿ ಮಾತ್ರ ಮೂರು ವಾರಕ್ಕೊಮ್ಮೆ ಹೀಗೇ ನಡೀಬೇಕು. ಎಷ್ಟು ದಿನ ತಡೆಹಿಡಿಯುತ್ತೋ ಅಷ್ಟು ದಿನ. ಮತ್ತೆ ತಲೆ ಎತ್ತಿದ್ರೆ ಆಗ ಬೇರೆ ದಾರಿ ನೋಡ್ತೀವಿ."

"ಊದೋಕೆ ಆಗುತ್ತಾ?" ಎಂದು ಭಾವ ಕೇಳಿದರು.

"ಆ ನರ ಹೋಗಿದೆ. ಅದು ಬರೋಲ್ಲ."

ಭಾವ ತಲೆಯಾಡಿಸಿದರು. ಅದು ಅವರಿಗೆ ಮೊದಲೇ ಗೊತ್ತಿತ್ತು. ಆದರೂ ಬಾಯಿಬಿಟ್ಟು ಹೇಳಿದಾಗ ಅವರ ಕೈ ತಂತಾನೇ ತುಟಿಯ ಎಡಮೂಲೆಗೆ ಹೋಯಿತು. ನಾನು ಗೋಡೆಯ ಕಡೆ ತಿರುಗಿದೆ. ಆ ಒಂದು ಮಾತಿನ ಮುಂದೆ ಸ್ಕ್ಯಾನಿನ ಸಂತೋಷ ನನ್ನ ಪಾಲಿಗೆ ನಿಲ್ಲಲಿಲ್ಲ. ಜೀವದ ಲೆಕ್ಕ ಯಾರಿಗೂ ಗೊತ್ತಿಲ್ಲ ಎಂದಿದ್ದರು ಡಾಕ್ಟರಮ್ಮ. ನರದ ವಿಷಯಕ್ಕೆ ಬಂದರೆ, ಗಂಟು ಮೊದಲು ಕೈಗೆ ಸಿಕ್ಕ ದಿನ ಆ ಮುಖ ಎರಡೂ ಕಡೆ ನಗುತ್ತಿದ್ದದ್ದು ನನಗೇ ಗೊತ್ತಿತ್ತು.

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದೆವು. ಭಾವ ನೀರಿನ ಬಾಟಲಿಯಿಂದ ಗುಟುಕರಿಸುತ್ತ ಬೆಂಚಿನ ಮೇಲೆ ಕೂತಿದ್ದರು. ಅಕ್ಕ ನನ್ನನ್ನು ಎರಡು ಹೆಜ್ಜೆ ಆಚೆ ಕರೆದಳು.

"ಒಂದು ಮಾತು ಹೇಳ್ತೀನಿ ಕೇಳು. ಇವರು ಹೆದರಿ ಹೇಳ್ಲಿಲ್ಲ. ಅದು ನನಗೆ ಅರ್ಥ ಆಗುತ್ತೆ. ನೀನು ಯಾಕೆ ಹೇಳ್ಲಿಲ್ಲ ಅನ್ನೋದು ನನಗಿನ್ನೂ ಅರ್ಥ ಆಗಿಲ್ಲ. ಪ್ರತಿ ವಾರ ನಮ್ಮನೆಗೆ ಬಂದು ನನ್ನ ಕೈಯಿಂದ ಊಟ ಹಾಕಿಸ್ಕೊಂಡು ಹೋಗ್ತಿದ್ದೆ. ಹೇಗೆ ನುಂಗಿದೆ?"

ನನ್ನಲ್ಲಿದ್ದ ಉತ್ತರ ಒಂದೇ, ಆ ಗುಟ್ಟು ನನಗೆ ಹಿತವಾಗಿತ್ತು ಎಂಬುದು. ಅದನ್ನೇ ಹೇಳಿದೆ. ಹೇಳದೆ ಉಳಿದಿದ್ದುದು ಅದೊಂದೇ ಆಗಿತ್ತು.

ಅವಳು ನನ್ನನ್ನು ಪರಕೀಯನನ್ನು ನೋಡುವ ಹಾಗೆ ನೋಡಿದಳು. ಬಸ್ಸು ಬಂತು.

"ಕ್ಷಮಿಸಿದೀನಿ ಅಂತ ತಿಳ್ಕೋಬೇಡ" ಅಂದಳು. "ನನಗೆ ಒಬ್ಬಳಿಗೆ ಆಗೋಲ್ಲ, ಅದಕ್ಕೆ ಹೇಳ್ತಿದೀನಿ. ಮುಂದಿನ ಗುರುವಾರ ಏಳೂವರೆಗೆ ಬಾ. ಕೆಳಗೇ ನಿಲ್ಲು, ನಾವೇ ಇಳಿದು ಬರ್ತೀವಿ."

ಹೋದೆ. ಅದಾಗಿ ಈಗ ಒಂದು ವರ್ಷ ಎರಡು ತಿಂಗಳಾಯಿತು. ಭಾವ ಕಾರ್ಖಾನೆಗೆ ವಾರಕ್ಕೆ ಮೂರು ದಿನ ಹೋಗಿ, ತಯಾರಾದ ಕೊಳವೆಗಳಲ್ಲಿ ಬಿರುಕು ಹುಡುಕುವ ಕೆಲಸ ಮಾಡುತ್ತಾರೆ. ಉಪ್ಪಿನ ರುಚಿ ಸ್ವಲ್ಪ ಬಂದಿದೆ, ಸಿಹಿ ಇನ್ನೂ ಬಂದಿಲ್ಲ. ಅಕ್ಕ ಈಗ ಕೆಳಗೆ ನಿಲ್ಲು ಎನ್ನುವುದಿಲ್ಲ. ಮೇಲೆ ಬಾ ಎಂದೂ ಹೇಳಿಲ್ಲ. ನಾನು ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ನಿಲ್ಲುತ್ತೇನೆ. ಅಲ್ಲಿಂದ ಚೀಲ ತೆಗೆದುಕೊಳ್ಳುತ್ತೇನೆ.

ಮೂರು ವಾರಕ್ಕೊಮ್ಮೆ ಗುರುವಾರ ಅಂಗಡಿ ಮುಚ್ಚಿರುತ್ತದೆ. ಗಿರಾಕಿಗಳು ಯಾಕೆ ಎಂದು ಕೇಳುತ್ತಾರೆ. ಭಾವನಿಗೆ ಔಷಧಿ ಹಾಕಿಸುವ ದಿನ ಎನ್ನುತ್ತೇನೆ. ಏನಾಗಿದೆ ಎಂದು ಕೇಳಿದವರಿಗೆ ಮೊದಲಿನಿಂದ ಹೇಳುತ್ತೇನೆ; ಹನ್ನೊಂದು ತಿಂಗಳನ್ನೂ, ಗಡ್ಡವನ್ನೂ ಬಿಡುವುದಿಲ್ಲ. ಕೆಲವರು ಪಾಪ ಎನ್ನುತ್ತಾರೆ. ಕೆಲವರು ತಮ್ಮ ದವಡೆಯನ್ನು ತಾವೇ ಮುಟ್ಟಿ ನೋಡಿಕೊಳ್ಳುತ್ತಾರೆ. ಇಬ್ಬರು ಮತ್ತೆ ಬರಲಿಲ್ಲ. ಬೀದಿಯ ಆಚೆ ತುದಿಯ ಅಂಗಡಿಗೆ ಹೋಗುತ್ತಾರೆಂದು ಕೇಳಿದೆ. ಅವರದು ತಪ್ಪು ಎನ್ನಲಾರೆ.